ಆಕ್ಸಿಜನ್ 95, ಆದರೂ ತಲೆನೋವು

ಸ್ಲೀಪ್ ಲ್ಯಾಬಿನಲ್ಲಿ ರಾತ್ರಿ ಪಾಳಿಯ ಟೆಕ್ನಿಷಿಯನ್ ನಾನು. ಮಲಗುವವರ ತಲೆ, ಎದೆ, ಕಾಲಿಗೆ ವೈರು ಅಂಟಿಸಿ, ಬೆಳಗಿನವರೆಗೆ ಪಕ್ಕದ ಕೋಣೆಯಲ್ಲಿ ಕೂತು ಪರದೆ ನೋಡುವ ಕೆಲಸ. ಶುರುವಿನಲ್ಲಿ ನನ್ನ ಕಣ್ಣೆಲ್ಲ ಬೆರಳಿನ ಕ್ಲಿಪ್ ತೋರಿಸುವ ಆಕ್ಸಿಜನ್ ಅಂಕಿಯ ಮೇಲೇ ಇರುತ್ತಿತ್ತು. ಒಬ್ಬ ಅಮ್ಮ ಬಂದ ಮೇಲೆ ಆ ಅಭ್ಯಾಸ ಹೋಯಿತು.

ಅರವತ್ತು ದಾಟಿದವರು. ತೂಕ ಜಾಸ್ತಿ, ಜೋರು ಗೊರಕೆ. ಮನೆಯಲ್ಲಿ ರಾತ್ರಿ ನಿಮಿಷಕ್ಕೆ 2 ಲೀಟರ್ ಆಕ್ಸಿಜನ್ ಹಾಕಿಕೊಂಡು ಮಲಗುತ್ತಿದ್ದರು.

"ಬೆಳಿಗ್ಗೆ ಎದ್ದಾಗ ತಲೆನೋವು ಬರುತ್ತಾ ಅಮ್ಮ?"

"ದಿನಾ ಬರುತ್ತೆ ಕಣಪ್ಪ. ಕಾಫಿ ಕುಡಿದು ಒಂದು ಗಂಟೆ ಆದ್ಮೇಲೆ ಬಿಡುತ್ತೆ."

ಈ ಮಾತು ಕೇಳಿದರೆ ಈಗ ನನ್ನ ಕಿವಿ ನೆಟ್ಟಗಾಗುತ್ತದೆ. ನಿದ್ದೆಯಲ್ಲಿ ಉಸಿರು ಸಣ್ಣದಾದರೆ ಇಂಗಾಲದ ಡೈಆಕ್ಸೈಡ್ ಪೂರ್ತಿ ಹೊರಗೆ ಹೋಗದೆ ರಕ್ತದಲ್ಲಿ ಉಳಿಯುತ್ತದೆ. ಬೆಳಗಿನ ತಲೆನೋವಿಗೆ ಅದೂ ಒಂದು ಕಾರಣ. ಹೊರಗಿನಿಂದ ಆಕ್ಸಿಜನ್ ಕೊಟ್ಟಾಗ ಕ್ಲಿಪ್‌ನ ಅಂಕಿ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಇದು ಏರುತ್ತಲೇ ಇರಬಹುದು.

ಅದಕ್ಕೇ ಆ ರಾತ್ರಿ ಕ್ಯಾಪ್ನೋಗ್ರಾಫ್ ಹಾಕಿದೆವು. ಮೂಗಿಗಿಟ್ಟ ಸಣ್ಣ ನಳಿಗೆಯಿಂದ ಬಿಟ್ಟ ಉಸಿರನ್ನು ಎಳೆದುಕೊಂಡು, ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಅಳೆಯುವ ಯಂತ್ರ ಅದು. ಆರೋಗ್ಯವಂತರಿಗೆ ಎಚ್ಚರದಲ್ಲಿ ಅದರ ಒತ್ತಡ 35ರಿಂದ 45 mmHg ಇರುತ್ತದೆ. ಅಮ್ಮನಿಗೆ 28 ತೋರಿಸಿತು. ಏರಿಲ್ಲವಲ್ಲ ಅಂತ ಒಂದು ಗಂಟೆ ಸುಮ್ನೆ ಕೂತಿದ್ದೆ. ಅದು ತಪ್ಪು.

ಆಮೇಲೆ ಅಂಕಿ ಬಿಟ್ಟು ಅಲೆ ನೋಡಿದೆ. ಸರಿಯಾದ ಉಸಿರಿನ ಅಲೆ ಏರಿ, ಮೇಲೆ ಚಪ್ಪಟೆಯಾಗಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಇಳಿಯಬೇಕು. ಇಲ್ಲಿ ಬರೀ ಚೂಪು ತುದಿ. ಚಪ್ಪಟೆ ಇಲ್ಲದಿದ್ದರೆ ಆ ಅಂಕಿಯನ್ನು ನಂಬಲೇಬಾರದು. ಒಳಗೆ ಹೋಗಿ ನೋಡಿದರೆ ಅಮ್ಮ ಬಾಯಿ ತೆರೆದು ಉಸಿರಾಡುತ್ತಿದ್ದರು. ಮೂಗಿನ ಹತ್ತಿರ ಬಂದಷ್ಟು ಉಸಿರಿಗೂ ಆಕ್ಸಿಜನ್ ಬೆರೆತು ತೆಳುವಾಗುತ್ತಿತ್ತು. ನಳಿಗೆಯಲ್ಲಿ ನೀರಹನಿ ಬೇರೆ.

ಡಾಕ್ಟರಿಗೆ ಫೋನ್ ಮಾಡಿದೆ. ಚರ್ಮದ ಮೂಲಕ ಅಳೆಯುವ ಸೆನ್ಸರ್ ಹಾಕಲು ಹೇಳಿದರು. ಅದನ್ನು ಕಿವಿಯ ಹಾಲೆಗೆ ಸಿಕ್ಕಿಸುತ್ತೇವೆ. ಸುಮಾರು 42 ಡಿಗ್ರಿಗೆ ಬಿಸಿಯಾಗುತ್ತದೆ, ಹಾಗಾಗಿ ರಾತ್ರಿಯಿಡೀ ಒಂದೇ ಕಡೆ ಬಿಡಬಾರದು, ಚರ್ಮ ಕೆಂಪಾಗುತ್ತದೆ. ಅಂಕಿ ನೆಲೆಗೆ ಬರಲು ಹತ್ತು ಹದಿನೈದು ನಿಮಿಷ ಕಾಯಬೇಕು.

ಕಾದೆ. 52, 54, ಕನಸಿನ ನಿದ್ದೆಗೆ ಜಾರಿದಾಗ 58. ಅದೇ ಹೊತ್ತಿಗೆ ಆಕ್ಸಿಜನ್ 95! ದೊಡ್ಡವರಲ್ಲಿ 55 ದಾಟಿ 10 ನಿಮಿಷ ನಿಂತರೆ ನಿದ್ದೆಯಲ್ಲಿ ಉಸಿರು ಸಾಲುತ್ತಿಲ್ಲ ಅಂತ ಲೆಕ್ಕ. ಅಮ್ಮನಿಗೆ ಅರ್ಧ ಗಂಟೆ ಮೀರಿತ್ತು. ಬೆಳಿಗ್ಗೆ ಮುಂಗೈ ರಕ್ತ ಪರೀಕ್ಷೆಯಲ್ಲೂ ಜಾಸ್ತಿಯೇ ಬಂತು.

ಡಾಕ್ಟರು ಬೈಪ್ಯಾಪ್ ಮಾಸ್ಕ್ ಬರೆದರು: ಉಸಿರು ಎಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ, ಹೀಗೆ ಎರಡು ಒತ್ತಡದಲ್ಲಿ ಗಾಳಿ ಕೊಡುವಂಥದ್ದು. ಅದನ್ನು ಹೊಂದಿಸುವ ರಾತ್ರಿಯೂ ನಾನೇ ಇದ್ದೆ. ಮಾಸ್ಕಿನ ಗಾಳಿ ಸೇರಿಕೊಳ್ಳುವುದರಿಂದ ಮೂಗಿನ ಅಂಕಿ ಅಲ್ಲೂ ಕಡಿಮೆ ತೋರಿಸುತ್ತದೆ, ಹಾಗಾಗಿ ಮೊದಲಿನಿಂದಲೇ ಕಿವಿಯ ಸೆನ್ಸರ್. ದೀಪ ಆರಿಸುವ ಮುಂಚೆ, ಅಂಗಾತ ಮಲಗಿ ಎಚ್ಚರವಾಗಿದ್ದಾಗಿನ ಅಂಕಿ ಬರೆದುಕೊಂಡೆ: 46. ರಾತ್ರಿ ಮೂರಕ್ಕೆ 48. ಸೆನ್ಸರನ್ನು ಎಡಗಿವಿಯಿಂದ ಬಲಗಿವಿಗೆ ಬದಲಾಯಿಸುವಾಗಲೂ ಅಮ್ಮನಿಗೆ ಎಚ್ಚರ ಆಗಲಿಲ್ಲ.