ಅಮೆರಿಕದಲ್ಲಿ ಮೊದಲ ಪಿಕಪ್: ಬಾಗಿಲಂಚಿನ ಚೀಟಿಯಿಂದ ಟ್ರೇಲರಿನ ಕೊಂಡಿಯವರೆಗೆ

ಅಮೆರಿಕಕ್ಕೆ ಬಂದು ಕೆಲವು ವರ್ಷ ಸೆಡಾನ್, ಮಕ್ಕಳಾದ ಮೇಲೆ ಮಿನಿವ್ಯಾನ್ ಓಡಿಸಿದ ಕನ್ನಡಿಗರಲ್ಲಿ ಅನೇಕರಿಗೆ ಸ್ವಂತ ಮನೆಯೂ ಅದಕ್ಕೊಂದು ಹಿತ್ತಲೂ ಆದಾಗ ಪಿಕಪ್ ಟ್ರಕ್ ಬೇಕೆನಿಸುತ್ತದೆ. ಕೊಳ್ಳುವುದು ಸುಲಭ. ಓಡಿಸುವುದಕ್ಕೆ ಬೇರೆ ಪರೀಕ್ಷೆಯಿಲ್ಲ. ಒಟ್ಟು ತೂಕದ ಮಿತಿ 26,001 ಪೌಂಡ್ ಮುಟ್ಟುವವರೆಗೆ ಕಮರ್ಷಿಯಲ್ ಲೈಸೆನ್ಸ್ ಬೇಡ ಎಂಬುದು ಇಲ್ಲಿನ ಸಾಮಾನ್ಯ ನಿಯಮವಾದ್ದರಿಂದ ಕಾರಿಗೆ ಪಡೆದ ಲೈಸೆನ್ಸೇ ಸಾಕಾಗುತ್ತದೆ. ನಿನ್ನೆಯವರೆಗೆ ಕೊರೊಲ್ಲಾ ಓಡಿಸುತ್ತಿದ್ದವರು ಇಂದು ಖಾಲಿಯಿದ್ದಾಗಲೇ ಎರಡು ಟನ್ನಿಗಿಂತ ಹೆಚ್ಚು ತೂಗುವ ಗಾಡಿಗೆ ಬಾಡಿಗೆ ಟ್ರೇಲರೊಂದನ್ನು ಸಿಕ್ಕಿಸಿಕೊಂಡು ನೇರವಾಗಿ ಹೆದ್ದಾರಿಗೆ ಇಳಿಯಬಹುದು, ಯಾರೂ ತಡೆದು ಕೇಳುವುದಿಲ್ಲ. ಕೇಳದೆ ಬಿಡುವುದೇ ಇಲ್ಲಿನ ಪದ್ಧತಿ. ಮಿತಿಗಳನ್ನು ಮುದ್ರಿಸಿ ಗಾಡಿಗೇ ಅಂಟಿಸಿರುತ್ತಾರೆ, ಓದುವ ಹೊಣೆ ಮಾಲೀಕನದು, ಮೀರಿ ಅನಾಹುತವಾದರೆ ಪೊಲೀಸರಿಗೂ ವಿಮೆಯವರಿಗೂ ಕೆಲವೊಮ್ಮೆ ಕೋರ್ಟಿಗೂ ಉತ್ತರ ಹೇಳಬೇಕಾದವನೂ ಅವನೇ.

ಆದ್ದರಿಂದ ಮೊದಲ ಪಾಠ ಚಾಲಕನ ಬಾಗಿಲನ್ನು ತೆರೆದು ಅದರ ಕಂಬದ ಮೇಲಿರುವ ಎರಡು ಚೀಟಿಗಳನ್ನು ಓದುವುದು. ಒಂದರಲ್ಲಿ ಟೈರುಗಳ ಅಳತೆ ಮತ್ತು ತುಂಬಬೇಕಾದ ಗಾಳಿಯ ಒತ್ತಡದ ಜೊತೆಗೆ, ಜನ ಮತ್ತು ಸರಕು ಸೇರಿ ಇಷ್ಟು ಪೌಂಡ್ ಮೀರಬಾರದು ಎಂಬ ಒಂದು ವಾಕ್ಯವಿರುತ್ತದೆ. ಪೇಲೋಡ್ ಎಂದು ಕರೆಯುವುದು ಆ ಸಂಖ್ಯೆಯನ್ನೇ. ಇನ್ನೊಂದರಲ್ಲಿ ತುಂಬಿದ ಗಾಡಿಯ ಒಟ್ಟು ತೂಕದ ಮಿತಿಯಾದ ಜಿವಿಡಬ್ಲ್ಯುಆರ್ ಮತ್ತು ಮುಂದಿನ, ಹಿಂದಿನ ಆಕ್ಸಲ್‌ಗಳ ಪ್ರತ್ಯೇಕ ಮಿತಿಗಳಿರುತ್ತವೆ. ಜಾಹೀರಾತಿನಲ್ಲಿ ಕಾಣುವ ದೊಡ್ಡ ಪೇಲೋಡ್ ಸಾಮಾನ್ಯವಾಗಿ ಆ ಮಾದರಿಯ ಅತಿ ಹಗುರವಾದ ಗಾಡಿಗೆ ಸೇರಿದ್ದು. ನಾಲ್ಕು ಬಾಗಿಲು, ನಾಲ್ಕು ಚಕ್ರದ ಎಳೆತ, ಸನ್‌ರೂಫ್ ಎಂದು ಸೌಕರ್ಯ ಹೆಚ್ಚಿದಷ್ಟೂ ಗಾಡಿಯ ಸ್ವಂತ ತೂಕ ಏರಿ ಹೊರುವ ಶಕ್ತಿ ಇಳಿಯುತ್ತದೆ. ಎಫ್-150 ಅಥವಾ ರ‍್ಯಾಮ್ 1500 ಮುಂತಾದವನ್ನು ಹಾಫ್ ಟನ್ ಎನ್ನುವುದು ಹಳೆಯ ಕಾಲದಿಂದ ಉಳಿದುಬಂದ ಹೆಸರು ಮಾತ್ರ, ಅದರಿಂದ ಯಾವ ಲೆಕ್ಕವನ್ನೂ ಹಾಕಲಾಗದು.

ಇದನ್ನು ನಾನು ಕಲಿತದ್ದು ಮಣ್ಣು ತರಲು ಹೋದ ದಿನ. ನನ್ನ ಗಾಡಿಯ ಚೀಟಿಯಲ್ಲಿ 1,480 ಪೌಂಡ್ ಎಂದಿತ್ತು. ಅದನ್ನು ಆಗಿನ್ನೂ ಓದಿರಲಿಲ್ಲ. ತರಕಾರಿ ಪಾತಿಗೆಂದು ಮಣ್ಣು ಮಾರುವ ಅಂಗಳಕ್ಕೆ ಹೋದಾಗ ಲೋಡರ್ ನಡೆಸುವವನು ಎಷ್ಟು ಯಾರ್ಡ್ ಎಂದು ಕೇಳಿದ, ಗಾಡಿಯ ಹಿಂದಿರುವ ತೆರೆದ ಸರಕಿನ ತೊಟ್ಟಿ, ಅಂದರೆ ಬೆಡ್, ಅರ್ಧಕ್ಕಿಂತ ಹೆಚ್ಚು ಖಾಲಿ ಉಳಿಯುತ್ತದೆಂದು ಕಂಡು ನಾನು ಒಂದು ಯಾರ್ಡ್ ಎಂದೆ. ಒಂದು ಘನ ಯಾರ್ಡ್ ಮಣ್ಣು ಒಣಗಿದ್ದರೂ ಸುಮಾರು 2,000 ಪೌಂಡ್ ತೂಗುತ್ತದೆ, ಹಿಂದಿನ ರಾತ್ರಿ ಮಳೆಯೂ ಬಂದಿತ್ತು. ಬಕೆಟ್ ಮಗುಚಿದೊಡನೆ ಗಾಡಿಯ ಹಿಂಭಾಗ ಕುಕ್ಕರಿಸಿತು. ಕೆಳಗೆ ಬಗ್ಗಿ ನೋಡಿದರೆ, ಬಿಲ್ಲಿನಂತೆ ಬಾಗಿರಬೇಕಾದ ಎಲೆ ಸ್ಪ್ರಿಂಗುಗಳು ಹಲಗೆಯಂತೆ ಚಪ್ಪಟೆಯಾಗಿದ್ದವು. ರಸ್ತೆಗೆ ಬಂದಾಗ ಸ್ಟೀರಿಂಗ್ ಎಷ್ಟು ಹಗುರವಾಗಿತ್ತೆಂದರೆ ಮುಂದಿನ ಚಕ್ರಗಳು ನೆಲವನ್ನು ಮುಟ್ಟಿವೆಯೋ ಇಲ್ಲವೋ ಎಂಬ ಅನುಮಾನ ಬರುತ್ತಿತ್ತು, ಮೂತಿ ಮೇಲೆದ್ದ ಗಾಡಿಯ ದೀಪ ಎದುರಿನವರ ಕಣ್ಣಿಗೇ ಹೊಡೆಯುತ್ತಿತ್ತು, ಸಿಗ್ನಲ್ ಬಳಿ ಬ್ರೇಕ್ ಒತ್ತಿದರೆ ನಿಲ್ಲಬೇಕಾದ ಗೆರೆಯನ್ನು ದಾಟಿಯೇ ಗಾಡಿ ನಿಂತಿತು. ಅಂಗಳದವರು ಕೊಟ್ಟ ರಸೀದಿಯ ಕೆಳಗೆ ತೂಕದ ಹೊಣೆ ಗ್ರಾಹಕನದೆಂದು ಸಣ್ಣ ಅಕ್ಷರದಲ್ಲಿ ಇದ್ದದ್ದು ಮನೆಗೆ ಬಂದ ಮೇಲೆ ಕಾಣಿಸಿತು.

ಲೆಕ್ಕ ಕಷ್ಟದ್ದೇನಲ್ಲ. 1,480ರಲ್ಲಿ ಇಬ್ಬರು ದೊಡ್ಡವರ 320 ಪೌಂಡ್ ಕಳೆದರೆ ಉಳಿಯುವುದು 1,160, ಅಂದರೆ ಅರ್ಧ ಯಾರ್ಡ್ ಮಣ್ಣು ಅಥವಾ 80 ಪೌಂಡಿನ ಕಾಂಕ್ರೀಟ್ ಚೀಲಗಳು 14. ನೀರಿನ ಟ್ಯಾಂಕ್ ಒಯ್ಯುವುದಾದರೆ ಗ್ಯಾಲನ್ನಿಗೆ 8.3 ಪೌಂಡ್ ಎಂದು ಹಿಡಿಯಬೇಕು. ಬೆಡ್ಡಿಗೆ ಮುಚ್ಚಳ, ಉಪಕರಣದ ಪೆಟ್ಟಿಗೆ ಮೊದಲಾದುವನ್ನು ನೀವೇ ಹಾಕಿಸಿದ್ದರೆ ಅವುಗಳ ತೂಕವೂ ಇದರಲ್ಲೇ ಕಳೆಯಬೇಕು. ಅನುಮಾನವಿದ್ದವರಿಗೆ ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ಗಳಲ್ಲಿ ಸಾರ್ವಜನಿಕ ತೂಕದ ಕಟ್ಟೆಗಳಿವೆ. ಸ್ವಲ್ಪ ಹಣ ಕೊಟ್ಟರೆ ಒಂದೊಂದು ಆಕ್ಸಲಿನ ಮೇಲೆ ಎಷ್ಟು ಭಾರ ಬಿದ್ದಿದೆ ಎಂಬುದನ್ನು ಮುದ್ರಿಸಿಯೇ ಕೊಡುತ್ತಾರೆ.

ಟೈರಿನ ಗಾಳಿಯ ವಿಷಯದಲ್ಲಿ ಹೊಸಬರು ಮಾಡುವ ತಪ್ಪೆಂದರೆ ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ಸಂಖ್ಯೆಯನ್ನು ನಂಬುವುದು. ಅದು ಆ ಟೈರ್ ತಡೆಯಬಲ್ಲ ಗರಿಷ್ಠ ಒತ್ತಡ; ನಿಮ್ಮ ಗಾಡಿಗೆ ಬೇಕಾದದ್ದು ಬಾಗಿಲಿನ ಚೀಟಿಯಲ್ಲಿದೆ, ಭಾರಿ ಪಿಕಪ್‌ಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಅದು ಬೇರೆಬೇರೆಯಾಗಿಯೇ ಇರಬಹುದು. 2008ರ ನಂತರದ ಮಾದರಿಗಳಲ್ಲಿ ಗಾಳಿ ಕಡಿಮೆಯಾದರೆ ದೀಪ ಹೊತ್ತಿಕೊಳ್ಳುತ್ತದೆ ನಿಜ, ಆದರೆ ಅದು ಹೊತ್ತುವ ಹೊತ್ತಿಗೆ ಒತ್ತಡ ಕಾಲು ಭಾಗದಷ್ಟು ಇಳಿದಿರಬಹುದಾದ್ದರಿಂದ ಭಾರ ಹೊರುವ ದಿನ ಬೆಳಗ್ಗೆ ಕೈಯಿಂದಲೇ ಅಳೆಯುವುದು ಒಳ್ಳೆಯದು. ಹಳೆಯ ಗಾಡಿ ಕೊಂಡವರು ಟೈರಿನ ಮೇಲೆ ಡಾಟ್ (DOT) ಎಂದು ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕೆಗಳನ್ನು ನೋಡಬೇಕು. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಬೆಡ್ಡಿನ ಅಡಿಯಲ್ಲಿ ನೇತಾಡುವ ಸ್ಟೆಪ್ನಿಯನ್ನು ಕೆಳಗಿಳಿಸುವುದನ್ನು ಮನೆಯ ಮುಂದೆ ಒಮ್ಮೆ ಅಭ್ಯಾಸ ಮಾಡಿ, ಏಕೆಂದರೆ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ರಾಜ್ಯಗಳಲ್ಲಿ ಅದರ ತಂತಿ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ.

ವಿಚಿತ್ರವೆಂದರೆ ಈ ಗಾಡಿ ಖಾಲಿಯಿದ್ದಾಗಲೂ ಅಪಾಯಕಾರಿ, ಅದು ಬೇರೆ ರೀತಿಯ ಅಪಾಯ. ಎಂಜಿನ್ ಮುಂದಿದೆ, ಎಳೆಯುವ ಚಕ್ರಗಳು ಹಿಂದಿವೆ, ಭಾರ ಹೊರಲೆಂದು ಮಾಡಿದ ಗಡಸು ಸ್ಪ್ರಿಂಗುಗಳ ಮೇಲೆ ಭಾರವೇ ಇಲ್ಲ. ಒದ್ದೆಯಾದ ರ‍್ಯಾಂಪಿನಲ್ಲಿ ಹೆದ್ದಾರಿ ಸೇರುವ ಅವಸರಕ್ಕೆ ಆಕ್ಸಿಲರೇಟರ್ ಒತ್ತಿದರೆ ಹಿಂಭಾಗ ಬದಿಗೆ ಜಾರುತ್ತದೆ. 2012ರ ಮಾದರಿಯಿಂದ ಹಗುರ ವಾಹನಗಳೆಲ್ಲಕ್ಕೂ ಎಲೆಕ್ಟ್ರಾನಿಕ್ ಸ್ಥಿರತೆ ನಿಯಂತ್ರಣ ಕಡ್ಡಾಯವಾಗಿದೆ. ಅದಕ್ಕೂ ಹಳೆಯ ಪಿಕಪ್ ಅಗ್ಗಕ್ಕೆ ಸಿಕ್ಕಿದರೆ ಈ ಸೌಲಭ್ಯ ಇದೆಯೇ ಎಂದು ಮೊದಲು ಕೇಳಿ. ಹಿಮ ಬೀಳುವ ಕಡೆ ಮರಳಿನ ಚೀಲಗಳನ್ನು ಹಿಂದಿನ ಆಕ್ಸಲಿನ ನೇರಕ್ಕೆ ಇಟ್ಟು ಕಟ್ಟುತ್ತಾರೆ. ಕಟ್ಟದೆ ಬಿಟ್ಟ ಚೀಲ ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗುತ್ತದೆ. ನಾಲ್ಕು ಚಕ್ರದ ಎಳೆತದ ಬಗ್ಗೆ ನಮ್ಮವರಲ್ಲಿ ಅತಿಯಾದ ನಂಬಿಕೆಯಿದೆ. ಅದು ಹೊರಡಲು ನೆರವಾಗುತ್ತದೆಯೇ ಹೊರತು ನಿಲ್ಲಲು ಅಲ್ಲ. ಗುಂಡಿಯನ್ನು ಎರಡು ಚಕ್ರದ ಎಳೆತವಾದ 2ಎಚ್‌ನಿಂದ ನಾಲ್ಕು ಚಕ್ರದ 4ಎಚ್‌ಗೆ ತಿರುಗಿಸುವ ಸಾಮಾನ್ಯ ವ್ಯವಸ್ಥೆಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ, ಆದರೆ ತಿರುವಿನಲ್ಲಿ ಅವು ಕ್ರಮಿಸುವ ದೂರ ಬೇರೆಬೇರೆ. ಹಿಮದಲ್ಲಿ ಚಕ್ರ ಜಾರಿ ಅದನ್ನು ಸರಿದೂಗಿಸುತ್ತದೆ, ಒಣ ಡಾಂಬರಿನಲ್ಲಿ ಜಾರಲಾರದೆ ಗೇರುಗಳು ತಿರುಚಿಕೊಂಡು ಬಿಗಿಯುತ್ತವೆ. ಪಾರ್ಕಿಂಗಿನಲ್ಲಿ ತಿರುಗಿಸುವಾಗ ಗಾಡಿ ಕುಪ್ಪಳಿಸಿದಂತಾದರೆ 4ಎಚ್ ಹಾಕಿಯೇ ಮರೆತಿದ್ದೀರಿ ಎಂದು ತಿಳಿಯಿರಿ.

ಎತ್ತರದ ಗಾಡಿಯೆಂಬ ಧೈರ್ಯದಿಂದ ಪ್ರವಾಹಕ್ಕೆ ಇಳಿಯುವವರೂ ಇದ್ದಾರೆ. ಹರಿಯುವ ನೀರು ಎರಡು ಅಡಿಯಿದ್ದರೆ ಪಿಕಪ್ಪೂ ಸೇರಿದಂತೆ ಹೆಚ್ಚಿನ ವಾಹನಗಳನ್ನು ಕೊಚ್ಚಿಕೊಂಡು ಹೋಗಬಲ್ಲದೆಂದು ಇಲ್ಲಿನ ರಾಷ್ಟ್ರೀಯ ಹವಾಮಾನ ಸೇವೆ ಹೇಳುತ್ತದೆ.

ಎತ್ತರದ ಇನ್ನೊಂದು ಬೆಲೆ ಮುಂದಿನ ಕುರುಡು ಜಾಗ. ಹಿಂಬದಿಯ ಕ್ಯಾಮೆರಾ 2018ರ ಮೇ ತಿಂಗಳಿಂದ ಹೊಸ ಹಗುರ ವಾಹನಗಳಿಗೆ ಕಡ್ಡಾಯವಾಗಿದೆ, ಮುಂದಕ್ಕೆ ಅಂಥ ಕಡ್ಡಾಯವಿಲ್ಲ. ನನ್ನ ಗಾಡಿಯ ಬಾನೆಟ್ ನಾಲ್ಕು ವರ್ಷದ ಮಗುವಿನ ತಲೆಗಿಂತ ಮೇಲಿದೆ. ಗ್ಯಾರೇಜಿನಲ್ಲಿ ನಾನು ಸೀಟಿನಲ್ಲಿ ಕುಳಿತು, ಬಂಪರಿನ ಮುಂದೆ ನಿಲ್ಲಿಸಿದ ಮಗಳ ಸೈಕಲ್ಲನ್ನು ಸ್ವಲ್ಪಸ್ವಲ್ಪವೇ ಗಾಡಿಯಿಂದ ದೂರ ಸರಿಸಲು ಮನೆಯವರಿಗೆ ಹೇಳಿದೆ. ಅದರ ಹ್ಯಾಂಡಲ್ ನನಗೆ ಕಾಣಿಸಿಕೊಂಡಾಗ ಅದು ಎಷ್ಟು ದೂರ ಹೋಗಿತ್ತೆಂದು ನೋಡಿ, ಅಂದಿನಿಂದ ಹೊರಡುವ ಮೊದಲು ಗಾಡಿಯನ್ನು ಒಂದು ಸುತ್ತು ಬರದೆ ಹತ್ತುವುದಿಲ್ಲ. ನೀವೂ ಒಮ್ಮೆ ಹೀಗೆ ಅಳೆದು ನೋಡಿ. ಮಕ್ಕಳನ್ನು ಕೂರಿಸುವ ವಿಷಯದಲ್ಲಿ, ಹಿಂದಿನ ಸಾಲೇ ಇಲ್ಲದ ಅಥವಾ ಇಕ್ಕಟ್ಟಾದ ಕ್ಯಾಬಿನ್ನಿನ ಪಿಕಪ್ ಕೊಳ್ಳುವ ಮುನ್ನ ನಿಮ್ಮ ಚೈಲ್ಡ್ ಸೀಟನ್ನು ಒಯ್ದು ಅಳವಡಿಸಿ ನೋಡಿ. ಹಿಂದಕ್ಕೆ ಮುಖ ಮಾಡುವ ಸೀಟನ್ನು ಚಾಲೂ ಇರುವ ಏರ್‌ಬ್ಯಾಗಿನ ಮುಂದೆ ಎಂದಿಗೂ ಇಡಬಾರದು.

ಸರಕು ಕಟ್ಟುವುದು ಸೌಜನ್ಯದ ಮಾತಲ್ಲ, ಕಾನೂನಿನ ಮಾತು. ಕಟ್ಟದ ಸರಕು ರಸ್ತೆಗೆ ಬಿದ್ದರೆ ರಾಜ್ಯಗಳು ದಂಡ ಹಾಕುತ್ತವೆ, ಯಾರಿಗಾದರೂ ಗಾಯವಾದರೆ ಕೆಲವು ಕಡೆ ಅದು ಕ್ರಿಮಿನಲ್ ಪ್ರಕರಣವೂ ಆಗಬಹುದು. ಮನೆ ಬದಲಾಯಿಸುವಾಗ ಹಾಸಿಗೆಯ ಮೇಲೆ ಸೋಫಾ ಇಟ್ಟು, ಅದು ಭಾರವಾಗಿದೆ ಹಾರುವುದಿಲ್ಲ ಎನ್ನುವವರಿದ್ದಾರೆ. ಗಂಟೆಗೆ 65 ಮೈಲಿಯ ಗಾಳಿ ಹಾಸಿಗೆಯ ಅಡಿಗೆ ನುಗ್ಗಿದರೆ ಅದು ಹಾಯಿಯಾಗುತ್ತದೆ. ಸರಕನ್ನು ಬಿಗಿಯುವ ರ‍್ಯಾಚೆಟ್ ಪಟ್ಟಿ ಕೊಳ್ಳುವಾಗ ದೊಡ್ಡ ಅಕ್ಷರದ ಮುರಿಯುವ ಭಾರವನ್ನಲ್ಲ, ಅದರ ಮೂರನೆಯ ಒಂದರಷ್ಟಿರುವ ಕೆಲಸದ ಭಾರವನ್ನು ನೋಡಿ. ಸರಕು ಬೆಡ್ಡಿನ ಹಿಂಬಾಗಿಲಾದ ಟೇಲ್‌ಗೇಟಿನಿಂದ ನಾಲ್ಕು ಅಡಿಗಿಂತ ಹೆಚ್ಚು ಹೊರಚಾಚಿದರೆ ಹೆಚ್ಚಿನ ಕಡೆ ಹಗಲು ಕೆಂಪು ಬಾವುಟ, ರಾತ್ರಿ ಕೆಂಪು ದೀಪ ಕಟ್ಟಬೇಕು. ಬೆಡ್ಡಿನಲ್ಲಿ ಜನರನ್ನು ಕೂರಿಸುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸಿನಲ್ಲಿ ಕೆಲವು ವಿನಾಯಿತಿಗಳನ್ನು ಬಿಟ್ಟರೆ 18ರೊಳಗಿನವರನ್ನು ಕೂರಿಸುವುದು ಅಪರಾಧ. ಕಾನೂನು ಬಿಟ್ಟರೂ ನಾನು ಬಿಡೆ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೆಟ್ರೋಲ್ ತರುವಾಗ ಕ್ಯಾನನ್ನು ಬೆಡ್ಡಿನಲ್ಲೇ ಇಟ್ಟು ತುಂಬಬಾರದು: ಪ್ಲಾಸ್ಟಿಕ್ ಹಾಸಿನ ಮೇಲೆ ಕೂತ ಕ್ಯಾನಿನ ಸ್ಥಾಯೀ ವಿದ್ಯುತ್ತಿಗೆ ನೆಲ ಸಿಗದೆ ಕಿಡಿ ಹಾರಿ ಬೆಂಕಿ ಹತ್ತಿದ ಪ್ರಕರಣಗಳಿವೆ. ಕ್ಯಾನನ್ನು ಇಳಿಸಿ ನೆಲದ ಮೇಲಿಟ್ಟು, ನಳಿಕೆಯನ್ನು ಅದರ ಬಾಯಿಗೆ ತಾಗಿಸಿಕೊಂಡೇ ತುಂಬಿ.

ಇನ್ನು ಟ್ರೇಲರ್. ಇಲ್ಲಿ ಜಾಹೀರಾತಿನ ಸಂಖ್ಯೆ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುತ್ತದೆ. ಗಾಡಿ 11,000 ಪೌಂಡ್ ಎಳೆಯುತ್ತದೆ ಎಂದಿರುವಾಗ 7,000 ಪೌಂಡಿನ ಕ್ಯಾಂಪಿಂಗ್ ಟ್ರೇಲರ್ ಯಾವ ಲೆಕ್ಕ ಎನಿಸುತ್ತದೆ. ಆದರೆ ಟ್ರೇಲರಿನ ತೂಕದ 10ರಿಂದ 15 ಶೇಕಡಾ ಭಾಗ ಅದರ ಮೂತಿಯ ಮೂಲಕ ನಿಮ್ಮ ಗಾಡಿಯ ಕೊಂಡಿಯ ಮೇಲೆ ಕೂರಬೇಕು, ಕೂರದಿದ್ದರೆ ಟ್ರೇಲರ್ ತೂಗಾಡುತ್ತದೆ. 12 ಶೇಕಡಾ ಹಿಡಿದರೂ ಅದು 840 ಪೌಂಡ್. ಬಾಗಿಲಿನ ಚೀಟಿಯ 1,480ರಲ್ಲಿ ಅದನ್ನು ಕಳೆದರೆ 640 ಉಳಿಯಿತು. ಗಂಡ, ಹೆಂಡತಿ, ಇಬ್ಬರು ಬೆಳೆದ ಮಕ್ಕಳು 560. ಕೊಂಡಿಯ ಕಬ್ಬಿಣ, ಐಸ್ ಪೆಟ್ಟಿಗೆ, ಸೂಟ್‌ಕೇಸುಗಳನ್ನು ಇಡುವಷ್ಟರಲ್ಲಿ ಪೇಲೋಡ್ ಮುಗಿಯಿತು, ಎಳೆಯುವ ಶಕ್ತಿ ಇನ್ನೂ ನಾಲ್ಕು ಸಾವಿರ ಪೌಂಡ್ ಮಿಕ್ಕಿದ್ದರೂ. ಗಾಡಿ, ಅದರ ಕೊಂಡಿಯಾದ ಹಿಚ್, ಕೊಂಡಿಯ ಮೇಲಿನ ಕಬ್ಬಿಣದ ಗುಂಡಾದ ಬಾಲ್, ಟ್ರೇಲರ್ ಎಲ್ಲದಕ್ಕೂ ಅದರದರ ಮಿತಿ ಬರೆದಿರುತ್ತದೆ. ಇವುಗಳಲ್ಲಿ ಅತಿ ಚಿಕ್ಕದೇ ನಿಮ್ಮ ಮಿತಿ.

ಬಾಲ್‌ಗಳಲ್ಲಿ 2 ಇಂಚಿನದೂ 2 5/16 ಇಂಚಿನದೂ ಸಾಮಾನ್ಯ. ಬಾಲನ್ನು ಮುಚ್ಚಿ ಹಿಡಿಯುವ ಟ್ರೇಲರಿನ ಮೂತಿಯ ಕಪ್ ದೊಡ್ಡದಾದರೂ ಚಿಕ್ಕ ಬಾಲಿನ ಮೇಲೆ ಕೂರುತ್ತದೆ, ಚಿಲಕವೂ ಬೀಳುತ್ತದೆ, ಮೊದಲ ಹಳ್ಳಕ್ಕೆ ಎಗರಿ ಕಳಚುತ್ತದೆ. ಆದ್ದರಿಂದ ಅಳತೆಯನ್ನು ಕೆತ್ತಿದ ಅಂಕೆಯಿಂದಲೇ ಓದಿ, ಚಿಲಕ ಹಾಕಿದ ಮೇಲೆ ಟ್ರೇಲರಿನ ಜ್ಯಾಕನ್ನು ತಿರುಗಿಸಿ ಮೂತಿಯ ಜೊತೆಗೆ ಗಾಡಿಯ ಹಿಂಭಾಗವೂ ಸ್ವಲ್ಪ ಮೇಲೇಳುತ್ತದೆಯೇ ಎಂದು ನೋಡಿ. ಸುರಕ್ಷತಾ ಸರಪಳಿಗಳನ್ನು ಮೂತಿಯ ಅಡಿಯಲ್ಲಿ ಕತ್ತರಿಯಾಕಾರಕ್ಕೆ ದಾಟಿಸಿ ಕಟ್ಟಿದರೆ ಕೊಂಡಿ ಕಳಚಿದರೂ ಮೂತಿ ನೆಲಕ್ಕೆ ಕುಸಿಯದೆ ಅವುಗಳ ತೊಟ್ಟಿಲಲ್ಲಿ ಬೀಳುತ್ತದೆ. ಕಳಚಿದ ಟ್ರೇಲರ್ ತನ್ನಿಂತಾನೇ ಬ್ರೇಕ್ ಹಾಕಿಕೊಳ್ಳುವಂತೆ ಮಾಡುವ ತೆಳ್ಳಗಿನ ಬ್ರೇಕ್‌ಅವೇ ತಂತಿಯನ್ನು ಸರಪಳಿಗೆ ಸುತ್ತದೆ ಗಾಡಿಗೇ ಸಿಕ್ಕಿಸಬೇಕು. ಅನೇಕ ರಾಜ್ಯಗಳಲ್ಲಿ ಟ್ರೇಲರಿನ ತೂಕ 3,000 ಪೌಂಡ್ ದಾಟಿದರೆ ಅದಕ್ಕೆ ಸ್ವಂತ ಬ್ರೇಕ್ ಕಡ್ಡಾಯ, ಕೆಲವು ಕಡೆ ಮಿತಿ ಇನ್ನೂ ಕಡಿಮೆ. ವಿದ್ಯುತ್ ಬ್ರೇಕಾದರೆ ಗಾಡಿಯಲ್ಲಿ ಏಳು ಕಡ್ಡಿಯ ಸಾಕೆಟ್ಟೂ ಟ್ರೇಲರಿನ ಬ್ರೇಕನ್ನು ಚಾಲಕನ ಸೀಟಿನಿಂದ ನಿಯಂತ್ರಿಸುವ ಬ್ರೇಕ್ ಕಂಟ್ರೋಲರೂ ಇರಬೇಕು. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವಾಗ ಗರಿಷ್ಠ ವೇಗ 55 ಮೈಲಿ, ಪಕ್ಕದ ಲೇನಿನವರು 75ರಲ್ಲಿ ಹಾರಿದರೂ.

ತುಂಬುವಾಗ ಅರ್ಧಕ್ಕಿಂತ ಹೆಚ್ಚು, ಸುಮಾರು 60 ಶೇಕಡಾ ಭಾರ ಟ್ರೇಲರಿನ ಮುಂಭಾಗದಲ್ಲಿರಲಿ. ಆದರೂ ದೊಡ್ಡ ಲಾರಿಯೊಂದು ದಾಟಿದ ಗಾಳಿಗೆ ಟ್ರೇಲರ್ ಹಾವಿನಂತೆ ತೂಗತೊಡಗಿದರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ, ಕೈ ಸ್ಟೀರಿಂಗನ್ನು ಎದುರು ತಿರುಗಿಸುತ್ತದೆ. ಎರಡೂ ತೂಗಾಟವನ್ನು ಹೆಚ್ಚಿಸುತ್ತವೆ. ಸ್ಟೀರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಬ್ರೇಕ್ ಕಂಟ್ರೋಲರಿನ ಕೈ ಲಿವರಿನಿಂದ ಟ್ರೇಲರಿನ ಬ್ರೇಕನ್ನು ಮಾತ್ರ ಮೆಲ್ಲಗೆ ಒತ್ತಬೇಕು. ಹಿಂದಕ್ಕೆ ಒಯ್ಯುವುದನ್ನು ಭಾನುವಾರ ಬೆಳಗ್ಗೆ ಖಾಲಿ ಮೈದಾನದಲ್ಲಿ ಕಲಿಯಿರಿ: ಕೈಯನ್ನು ಸ್ಟೀರಿಂಗಿನ ತಳದಲ್ಲಿಟ್ಟರೆ, ಕೈ ಹೋದ ಕಡೆಗೇ ಟ್ರೇಲರಿನ ಬಾಲ ಹೋಗುತ್ತದೆ.

ಕಾಗದಪತ್ರದ ಮಾತು ಸ್ವಲ್ಪವೇ. ಕ್ಯಾಲಿಫೋರ್ನಿಯಾ ಪಿಕಪ್ಪನ್ನು ಮನೆಬಳಕೆಗೇ ಆದರೂ ಕಮರ್ಷಿಯಲ್ ವಾಹನವೆಂದು ನೋಂದಾಯಿಸಿ ತೂಕದ ಶುಲ್ಕ ಸೇರಿಸುತ್ತದೆ, ಅದನ್ನು ಕಂಡು ಗಾಬರಿಯಾಗಬೇಡಿ. ಹಳೆಯ ಗಾಡಿಯಾದರೆ ಅದರ ಗುರುತಾದ 17 ಅಕ್ಷರಗಳ ವಿನ್ ಸಂಖ್ಯೆಯನ್ನು ಕೇಂದ್ರದ ರಸ್ತೆ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ಹಾಕಿದರೆ ಬಾಕಿಯಿರುವ ರೀಕಾಲ್‌ಗಳು, ಅಂದರೆ ದೋಷ ಸರಿಪಡಿಸಲು ತಯಾರಕರು ಕೊಟ್ಟ ಕರೆಗಳು, ಕಾಣುತ್ತವೆ, ಆ ದುರಸ್ತಿಯನ್ನು ಸಾಮಾನ್ಯವಾಗಿ ಡೀಲರ್ ಉಚಿತವಾಗಿ ಮಾಡಿಕೊಡುತ್ತಾನೆ.

ಪಿಕಪ್ ಬಂದ ವಾರದೊಳಗೆ ಕನ್ನಡ ಬಳಗದಿಂದ ಕರೆಗಳು ಬರತೊಡಗುತ್ತವೆ: ಮನೆ ಬದಲಾಯಿಸಬೇಕು, ಒಂದು ದಿನ ಗಾಡಿ ಕೊಡುವಿರಾ. ಕೊಡುವ ಮುಂಚೆ ತಿಳಿದಿರಲಿ, ಇಲ್ಲಿ ವಿಮೆ ಸಾಮಾನ್ಯವಾಗಿ ಚಾಲಕನಿಗಿಂತ ಮೊದಲು ಗಾಡಿಯ ಬೆನ್ನಿಗಿರುತ್ತದೆ, ಆದ್ದರಿಂದ ಗೆಳೆಯ ಯಾರಿಗಾದರೂ ಗುದ್ದಿದರೆ ಮೊದಲು ತೆರೆಯುವುದು ನಿಮ್ಮ ಪಾಲಿಸಿ. ಸಾಗಣೆಗೆಂದು ಹಣ ಪಡೆದರೆ ಖಾಸಗಿ ಪಾಲಿಸಿ ಕೈಬಿಡಬಹುದು. ನಾನು ಈಗ ಕೀಲಿಕೈ ಕೊಡುವಾಗ ಗೆಳೆಯರಿಗೆ ಬಾಗಿಲು ತೆರೆದು ಚೀಟಿ ತೋರಿಸುತ್ತೇನೆ, ಸೀಟಿನ ಹಿಂದಿರುವ ಪಟ್ಟಿಗಳನ್ನು ಎಣಿಸಿ ಕೊಡುತ್ತೇನೆ; ಮಣ್ಣು ತರಲು ಹೊರಟವರಾದರೆ ನಾನೇ ಜೊತೆಗೆ ಹೋಗುತ್ತೇನೆ.