ಮಷಿನ್ ಮುಟ್ಟಿದ್ರ ಜುಮ್ ಅಂತೈತಿ

ಬೆಟಗೇರಿಯ ನಮ್ಮ ಮನೆ ಅಜ್ಜನ ಕಾಲದ್ದು. ಆಗ ಇದ್ದದ್ದು ಎರಡು ಬಲ್ಬು, ಒಂದು ರೇಡಿಯೋ. ಈಗ ಅದೇ ವೈರಿಂಗಿಗೆ ಫ್ರಿಜ್, ಮಿಕ್ಸರ್, ಗೀಸರ್, ವಾಷಿಂಗ್ ಮಷಿನ್ ಎಲ್ಲ ಜೋತುಬಿದ್ದಿವೆ.

ಹೋದ ಏಪ್ರಿಲ್‌ನಲ್ಲಿ ಅವ್ವ, "ಯಪ್ಪಾ, ಮಷಿನ್ ಮುಟ್ಟಿದ್ರ ಜುಮ್ ಅಂತೈತಿ ನೋಡು" ಅಂದಳು. ನಾನು ಮುಟ್ಟಿ ನೋಡಿದೆ, ಏನೂ ಆಗಲಿಲ್ಲ. ನಿನ್ನ ಭ್ರಮೆ ಅಂದುಬಿಟ್ಟೆ. ನನ್ನ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಅವಳು ಒದ್ದೆ ಫರಸಿ ಮೇಲೆ ಬರಿಗಾಲಲ್ಲಿ ನಿಂತಿದ್ದಳು. ಇದು ನನಗೆ ಹೊಳೆಯೋಕೆ ಎರಡು ದಿನ ಬೇಕಾಯಿತು. ಆ ಎರಡು ದಿನವೂ ಅವಳು ಒಣ ಟವೆಲ್ ಸುತ್ತಿಕೊಂಡು ಮಷಿನ್ ಮುಚ್ಚಳ ತೆಗೆಯುತ್ತಿದ್ದಳು. ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ.

ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ಅವರು ಸಾಕೆಟ್‌ಗೆ ಮೀಟರ್ ಹಿಡಿದರು. ಫೇಸ್ (ಕರೆಂಟ್ ಬರೋ ತಂತಿ), ನ್ಯೂಟ್ರಲ್ (ಅದು ತಿರುಗಿ ಹೋಗೋ ತಂತಿ) ನಡುವೆ 230 ವೋಲ್ಟಿನ ಹತ್ತಿರ, ಸರಿಯಾಗೇ ಇತ್ತು. ನ್ಯೂಟ್ರಲ್-ಅರ್ಥ್ ನಡುವೆ ಒಂದೆರಡು ವೋಲ್ಟ್ ಇರಬೇಕಾದಲ್ಲಿ 90 ತೋರಿಸಿತು. "ಅರ್ಥಿಂಗ್ ಹೆಸರಿಗಷ್ಟೇ ಐತ್ರಿ" ಅಂದರು. ಇಂಥ ಮಷಿನ್‌ಗಳ ಒಳಗಿನ ಫಿಲ್ಟರಿನಿಂದ ಒಂಚೂರು ಕರೆಂಟ್ ಯಾವಾಗಲೂ ಮಷಿನ್ನಿನ ಲೋಹದ ಮೈಗೆ ಸೋರುತ್ತಿರುತ್ತದಂತೆ. ಅದು ಅರ್ಥ್ ತಂತಿ ಹಿಡಿದು ನೆಲಕ್ಕೆ ಇಳಿದುಹೋಗಬೇಕು. ತಂತಿ ಕೈಕೊಟ್ಟರೆ ಅವ್ವನ ಕೈಯೇ ದಾರಿ.

ಹಿತ್ತಲ ಮೂಲೆಯಲ್ಲಿ ಅರ್ಥ್ ತಂತಿ ಕಟ್ಟಿದ ಪೈಪ್ ಹೂತಿರೋ ಅರ್ಥಿಂಗ್ ಗುಂಡಿ ಇದೆ ಅನ್ನೋದೇ ನನಗೆ ಮರೆತುಹೋಗಿತ್ತು. ಅದರ ಮೇಲೆ ಹಳೇ ಹೆಂಚು ಒಟ್ಟಿದ್ದೆವು. ಹೆಂಚು ಸರಿಸಿದರೆ ಪೈಪಿನ ಸುತ್ತ ಬೆರಳು ತೂರುವಷ್ಟು ಬಿರುಕು. ನಮ್ಮದು ಎರೆ ನೆಲ ಅಲ್ವಾ? ಮಳೆಗಾಲದಲ್ಲಿ ಉಬ್ಬಿ ಪೈಪನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತೆ, ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತೆ. ಪೈಪಿಗೂ ಮಣ್ಣಿಗೂ ನಂಟೇ ಇಲ್ಲದ ಮೇಲೆ ಕರೆಂಟ್ ಎಲ್ಲಿ ಇಳಿಯಬೇಕು? ಸಾಲದ್ದಕ್ಕೆ ತಂತಿ ಕಟ್ಟಿದ್ದ ಬೋಲ್ಟು ತುಕ್ಕು ಹಿಡಿದು ಪುಡಿಯಾಗಿತ್ತು. ಎರಡೂವರೆ ಮೀಟರಿನ ಹೊಸ ಜಿಐ (ಸತು ಲೇಪದ ಕಬ್ಬಿಣ) ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿಸಿದೆವು. ಗುಂಡಿ ತೋಡೋಕೇ ಒಂದಿಡೀ ದಿನ ಹಿಡಿಯಿತು. ಒಣಗಿದ ಎರೆ ಮಣ್ಣು ಕಲ್ಲಿಗಿಂತ ಕಡೆ.

ಅಡುಗೆಮನೆಯಲ್ಲಿ ಕಂಡದ್ದು ಇದಕ್ಕಿಂತ ಕೆಟ್ಟದ್ದು. ಫ್ರಿಜ್ ಸಾಕೆಟ್ ಬಿಚ್ಚಿದರೆ ಅಲ್ಲಿಗೆ ಅರ್ಥ್ ತಂತಿ ಬಂದೇ ಇಲ್ಲ. ಹಿಂದೆ ಯಾರೋ ನ್ಯೂಟ್ರಲ್‌ನಿಂದ ಎರಡಿಂಚು ತಂತಿ ಎಳೆದು ಅರ್ಥ್ ಪಿನ್ನಿಗೆ ಕಟ್ಟಿ ಕೈತೊಳೆದುಕೊಂಡಿದ್ದರು. ಟೆಸ್ಟರ್ ಹಿಡಿದರೆ ಎಲ್ಲ ಸರಿ ಇದ್ದಂಗೇ ಕಾಣುತ್ತೆ. ಆದರೆ ಆ ಸಾಕೆಟ್ಟಿಗಿಂತ ಹಿಂದೆ ಎಲ್ಲಾದರೂ ನ್ಯೂಟ್ರಲ್ ಕಡಿದರೆ ಫ್ರಿಜ್ಜಿನ ಮೈಗೆಲ್ಲ ಪೂರಾ 230 ವೋಲ್ಟ್. ಆ ತುಂಡು ತಂತಿಯನ್ನು ಎಲೆಕ್ಟ್ರಿಷಿಯನ್ ನನ್ನ ಅಂಗೈಗೆ ಹಾಕಿ ಸುಮ್ನೆ ನಿಂತರು.

ನಾನು ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಬೀಳೋ ಸ್ವಿಚ್) ಇದೆಯಲ್ಲ ಅಂತ ಧೈರ್ಯವಾಗಿದ್ದವನು. ಅದು ಕಾಯೋದು ತಂತಿಯನ್ನ, ಮನುಷ್ಯರನ್ನಲ್ಲ. 16 ಆಂಪಿನ ಎಂಸಿಬಿಗೆ ನಮ್ಮ ಮೈಯಲ್ಲಿ ಹರಿಯೋ ಕರೆಂಟ್ ಲೆಕ್ಕಕ್ಕೇ ಇಲ್ಲ. ಅದಕ್ಕೆ ಕರೆಂಟ್ ಸೋರಿದರೆ ತಾನೇ ಬೀಳೋ ಸ್ವಿಚ್, 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿದೆ. ಹೋದ ಕರೆಂಟ್, ತಿರುಗಿ ಬಂದ ಕರೆಂಟ್ ಎರಡನ್ನೂ ಇದು ತಾಳೆ ನೋಡುತ್ತಿರುತ್ತೆ. ಅಷ್ಟು ಸೋರಿದರೂ ಸಾಕು, ಕಣ್ಣು ಮಿಟುಕಿಸೋದರೊಳಗೆ ಕಟ್ ಮಾಡುತ್ತೆ.

ಹಾಕಿಸಿದ ಮರುದಿನ ಬೆಳಿಗ್ಗೆ ಆರಕ್ಕೇ ಮನೆಯೆಲ್ಲ ಕತ್ತಲೆ. ಆರ್‌ಸಿಸಿಬಿ ಎತ್ತಿದರೆ ಮತ್ತೆ ಬೀಳುತ್ತೆ. "ದುಡ್ಡು ಕೊಟ್ಟು ಕತ್ಲಿ ತಂದಿ ನೋಡು" ಅಂತ ಅವ್ವ ನಕ್ಕಳು. ಎಲ್ಲ ಪ್ಲಗ್ ಕಿತ್ತು ಒಂದೊಂದೇ ಹಾಕುತ್ತ ಬಂದೆ. ಸಿಕ್ಕಿಬಿದ್ದದ್ದು ಗೀಸರ್. ನಮ್ಮ ಬೋರ್ ನೀರು ಗಡಸು. ಸುಣ್ಣದಂಥ ಹಕ್ಕಳೆ ಕಟ್ಟಿ ಎಲಿಮೆಂಟ್ ಬಿರುಕು ಬಿಟ್ಟಿತ್ತು. ಅಂದರೆ ಅಷ್ಟು ದಿನ ನಾವು ಅದೇ ನೀರು ಮೈಮೇಲೆ ಸುರಿದುಕೊಂಡಿದ್ದೆವು. ಎಲಿಮೆಂಟ್ ಬದಲಿಸಿದೆವು. 2000 ವ್ಯಾಟಿನ ಗೀಸರ್ ಸುಮಾರು 9 ಆಂಪ್ ಎಳೆಯುತ್ತೆ, 6 ಆಂಪಿನ ಸಾಕೆಟ್‌ನಲ್ಲಿ ಕೂತು ಅದನ್ನು ಕಂದು ಬಣ್ಣಕ್ಕೆ ತಿರುಗುವಷ್ಟು ಸುಟ್ಟಿತ್ತು. ಆ ಸಾಕೆಟ್ಟನ್ನೂ 16 ಆಂಪಿಗೆ ಏರಿಸಿದ್ದಾಯಿತು.

ಗೀಸರ್ ರಿಪೇರಿ ಆಗೋವರೆಗೆ ಬಕೆಟ್ಟಿಗೆ ಹಾಕೋ ವಾಟರ್ ರಾಡ್ ಹೊರಗೆ ಬಂತು. ಅವ್ವ ಸ್ವಿಚ್ ಆನ್ ಇರುವಾಗಲೇ ಬೆರಳು ಅದ್ದಿ ಬಿಸಿ ನೋಡೋಕೆ ಹೋದಳು. ಅದಕ್ಕೊಂದು ದೊಡ್ಡ ಜಗಳ ಆಯಿತು. ಈಗ ಮೊದಲು ಸ್ವಿಚ್ ಆಫ್, ಆಮೇಲೆ ಪ್ಲಗ್ ಕೀಳೋದು, ಆಮೇಲೆ ಬೆರಳು.

ಆರ್‌ಸಿಸಿಬಿ ಮೇಲೆ 'ಟಿ' ಅಂತ ಪುಟ್ಟ ಬಟನ್ ಇರುತ್ತೆ. ಒತ್ತಿದರೆ ಟಪ್ ಅಂತ ಬೀಳಬೇಕು, ಬೀಳದಿದ್ದರೆ ಕೆಟ್ಟಿದೆ ಅಂತ ಅರ್ಥ. ಪ್ರತಿ ಅಮಾಸಿಗೆ ಬೈಕಿನ ಪೂಜೆ ಮುಗಿಸಿ ಒತ್ತುತ್ತೇನೆ, ಹಾಗಾಗಿ ಮರೆಯಲ್ಲ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕೋ ಕೆಲಸ ಅವ್ವನದು. ನಮ್ಮೂರಲ್ಲಿ ನಲ್ಲಿ ನೀರಿಗೆ ದಿನ ಎಣಿಸಬೇಕು, ಒಳ್ಳೇ ನೀರು ಅವಳು ಸುರಿಯೋಳಲ್ಲ. ಕಾಯಿಪಲ್ಯ ತೊಳೆದ ನೀರು ಒಯ್ದು ಹಾಕುತ್ತಾಳೆ. ಗುಂಡಿ ಪಕ್ಕದಲ್ಲಿ ಈಗ ಒಂದು ಟೊಮೆಟೊ ಗಿಡ ತಾನಾಗೇ ಎದ್ದಿದೆ.