ಜಗುಲಿಯ ಕುಂಡಕ್ಕೂ ಕೊಳೆ

ಆಷಾಢದಲ್ಲಿ ಶಿರಸಿ ಕಡೆಯ ಇಬ್ಬರು ಎದುರಾದರೆ ಮಾತು ಶುರುವಾಗುವುದೇ ‘ಕೊಳೆ ಬಂತಾ?’ ಎಂಬಲ್ಲಿಂದ. ಕೇಳುವುದು ಅಡಿಕೆ ತೋಟದ ಕೊಳೆ ರೋಗದ ವಿಷಯ. ಎರಡು ಮಳೆಗಾಲದ ಹಿಂದೆ ನಾನು ಮಾತ್ರ ‘ಬಂತು, ಜಗುಲಿಗೆ’ ಎಂದು ಹೇಳಬೇಕಾಯಿತು. ಕಿಟಕಿಯ ಪಕ್ಕ ಸಾಲಾಗಿ ಇಟ್ಟಿದ್ದ 14 ಸಕ್ಯುಲೆಂಟ್ (ಮೈಯಲ್ಲೇ ನೀರು ಕೂಡಿಡುವ ದಪ್ಪ ಎಲೆಯ ಗಿಡ) ಕುಂಡಗಳಲ್ಲಿ 9 ಹೋಗಿದ್ದವು. ಹಾವರ್ಥಿಯಾ ಗಿಡದ ಧೂಳು ಒರೆಸಲು ಹೋದರೆ ಮಕ್ಕಳ ಹಾಲುಹಲ್ಲಿನಂತೆ ಗಿಡವೇ ಕೈಗೆ ಬಂತು. ಬುಡದಲ್ಲಿ ಬೇರೆಂಬುದು ಇರಲಿಲ್ಲ. ಕಂದು ಬಣ್ಣದ ನಾಲ್ಕು ಎಳೆ, ಮೂಗು ಮುಚ್ಚುವ ವಾಸನೆ, ಅಷ್ಟೇ.

ಅವುಗಳನ್ನು ನಾನು ಮಳೆಗೆ ಇಟ್ಟಿರಲೇ ಇಲ್ಲ. ವಾರಕ್ಕೊಮ್ಮೆ ನೀರು ಹಾಕಿ ಎಂದು ಎಲ್ಲರೂ ಹೇಳುವುದನ್ನು ಚಾಚೂ ತಪ್ಪದೆ ಪಾಲಿಸಿದ್ದೆ. ತಪ್ಪಾದದ್ದು ಅಲ್ಲಿಯೇ.

ಹಾವರ್ಥಿಯಾ, ಜೇಡ್ ಗಿಡಗಳ ತವರು ದಕ್ಷಿಣ ಆಫ್ರಿಕ. ಎಕಿವೇರಿಯಾ ಮೆಕ್ಸಿಕೊ ಕಡೆಯದು. ಎಲೆ, ಕಾಂಡಗಳಲ್ಲೇ ನೀರು ಕೂಡಿಟ್ಟುಕೊಂಡು ಬದುಕುವ ಜಾತಿ. ಇವುಗಳಲ್ಲಿ ಬಹಳಷ್ಟು ಗಿಡಗಳು ಹಗಲು ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ನೀರು ಆವಿಯಾಗದಿರಲಿ ಎಂಬ ಉಪಾಯ ಅದು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗದ ಆ ರಾತ್ರಿಗಳಲ್ಲಿ ಗಿಡ ರಂಧ್ರ ತೆರೆದರೂ ನೀರು ಹೊರಹೋಗುವುದು ಅಷ್ಟಕ್ಕಷ್ಟೇ. ಹೀಗಾಗಿ ಬೇರು ನೀರನ್ನು ಎಳೆಯುವುದಿಲ್ಲ, ಮಣ್ಣು ಒಣಗುವುದಿಲ್ಲ. ಬೇರಿಗೂ ಉಸಿರಾಡಲು ಗಾಳಿ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ನಿಂತರೆ ಅದು ಉಸಿರುಕಟ್ಟಿ ಸಾಯುತ್ತದೆ. ಆಮೇಲೆ ಕೊಳೆಸುವವರ ಸರದಿ.

ಅಡಿಕೆಯ ಕೊಳೆ, ಕಾಳುಮೆಣಸಿನ ಸೊರಗು ರೋಗ ಎರಡಕ್ಕೂ ಕಾರಣ ಫೈಟಾಫ್ತೊರಾ ಕುಲದ ರೋಗಾಣುಗಳು. ಕುಂಡದ ಬೇರು ಕೊಳೆಸುವುದರಲ್ಲಿ ಈ ಕುಲದ್ದೂ ಪಾಲಿದೆ. ಅದರ ದಾಯಾದಿ ಪಿಥಿಯಂ, ಜೊತೆಗೆ ಫ್ಯುಸೇರಿಯಂ ಎಂಬ ಶಿಲೀಂಧ್ರವೂ ಸೇರಿಕೊಳ್ಳುತ್ತವೆ. ಫೈಟಾಫ್ತೊರಾ, ಪಿಥಿಯಂ ಎರಡರ ಬೀಜಾಣುಗಳಿಗೆ ಬಾಲವಿರುತ್ತದೆ, ನೀರಿನಲ್ಲಿ ಈಜುತ್ತವೆ. ಒಂದೇ ತಟ್ಟೆಯಲ್ಲಿ ಹತ್ತು ಕುಂಡ ಇಟ್ಟು, ತಟ್ಟೆಯಲ್ಲಿ ನೀರು ನಿಲ್ಲಲು ಬಿಟ್ಟರೆ ರೋಗಕ್ಕೆ ದೋಣಿ ಕಟ್ಟಿಕೊಟ್ಟಂತೆ. ನಾನು ಮಾಡಿದ್ದು ಅದನ್ನೇ.

ಮೇ ತಿಂಗಳಲ್ಲೇ ಮಣ್ಣು ಬದಲಿಸಿ

ಔಷಧಿ ಹೊಡೆಯುವುದು ಕೊಳೆ ಕಂಡ ಮೇಲಲ್ಲ, ಮಳೆ ಹಿಡಿಯುವ ಮೊದಲು ಎಂಬುದು ತೋಟದವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಕುಂಡಕ್ಕೂ ಅದೇ ಲೆಕ್ಕ. ನರ್ಸರಿಯಿಂದ ಬರುವ ಗಿಡಗಳ ಬೇರು ಸಾಮಾನ್ಯವಾಗಿ ತೆಂಗಿನ ನಾರಿನ ಹುಡಿಯಲ್ಲಿ ಉಂಡೆ ಕಟ್ಟಿಕೊಂಡಿರುತ್ತದೆ. ಆ ಹುಡಿ ಒಮ್ಮೆ ನೀರು ಕುಡಿದರೆ ನಮ್ಮ ಮಳೆಗಾಲದಲ್ಲಿ ಬಿಟ್ಟುಕೊಡುವುದಿಲ್ಲ. ಅದನ್ನು ಬೆರಳಿನಿಂದ ಉದುರಿಸಿ ತೆಗೆಯಿರಿ.

ಹೊಸ ಮಿಶ್ರಣಕ್ಕೆ ಒಂದು ಪಾಲು ಸುಡುಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಹಳೆಯ ಗೊಬ್ಬರ, ಮೂರು ಪಾಲು ತರಿ. ತರಿ ಎಂದರೆ ಕಡಲೆಕಾಳಿನಷ್ಟು ದಪ್ಪಗೆ ಒಡೆದ ಹಳೆಯ ಹೆಂಚು, ಇದ್ದಿಲಿನ ಚೂರು, ಮನೆ ಕಟ್ಟಿ ಉಳಿದ ಬೇಬಿ ಜಲ್ಲಿ. ಚಿರೆಕಲ್ಲಿನ ಚೂರೂ ಆಗುತ್ತದೆ. ಆದರೆ ಅದರ ಕೆಂಪು ಹುಡಿ ನೆನೆದರೆ ಅಂಟಾಗುವುದರಿಂದ ಜರಡಿ ಹಿಡಿದು ತೊಳೆಯಲೇಬೇಕು. ಕಾರವಾರ, ಅಂಕೋಲಾ ಕಡೆಯವರು ಕಡಲತೀರದ ಹೊಯ್ಗೆ ಬೇಡವೇ ಎಂದು ಕೇಳುತ್ತಾರೆ. ಬೇಡ. ಉಪ್ಪಿನ ಮಾತು ಹಾಗಿರಲಿ, ಅಷ್ಟು ನಯವಾದ ಮರಳು ಸಂದುಗಳನ್ನು ತುಂಬಿಕೊಂಡು ಕೂರುತ್ತದೆ. ಕುಂಡಕ್ಕೆ ಒಂದು ಚೊಂಬು ನೀರು ಸುರಿದಾಗ ಮೇಲೆ ಕೆರೆಯಾಗದೆ, ಚಹಾ ಸೋಸಿದ ಹಾಗೆ ಆಗಿಂದಾಗಲೇ ಕೆಳಗಿಳಿಯಬೇಕು.

ಕುಂಡದ ತಳಕ್ಕೆ ಎರಡಿಂಚು ಹೆಂಚಿನ ಚೂರು ಹಾಸುವ ಪದ್ಧತಿಯನ್ನು ಬಿಟ್ಟುಬಿಡಿ. ನಮ್ಮ ಅಮ್ಮನೂ ಹಾಸುತ್ತಿದ್ದರು, ನಾನೂ ಹಾಸಿದವಳೇ. ಪಾತ್ರೆ ತೊಳೆಯುವ ಸ್ಪಂಜನ್ನು ನೆನೆಸಿ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತರೂ ಒಳಗೆ ನೀರು ಉಳಿದಿರುತ್ತದೆ. ಅದನ್ನೇ ನಿಲ್ಲಿಸಿ ಹಿಡಿದರೆ ಇನ್ನಷ್ಟು ಸುರಿಯುತ್ತದೆ. ಮಣ್ಣೂ ಹಾಗೆಯೇ, ತಳದಲ್ಲಿ ಒಂದಿಷ್ಟು ನೀರನ್ನು ಹಿಡಿದುಕೊಳ್ಳುತ್ತದೆ. ಚೂರು ಹಾಸಿದರೆ ಆ ನೀರು ಹೋಗುವುದಿಲ್ಲ, ಎರಡಿಂಚು ಮೇಲೇರಿ ಬೇರಿಗೆ ಇನ್ನೂ ಹತ್ತಿರವಾಗುತ್ತದೆ. ತರಿ ಮಣ್ಣಿನೊಳಗೆ ಬೆರೆಯಬೇಕು. ತೂತಿಗೆ ಸೊಳ್ಳೆಪರದೆಯ ತುಂಡೊಂದು ಸಾಕು. ತೂತೇ ಇಲ್ಲದ ಚಂದದ ಪಿಂಗಾಣಿ ಬಟ್ಟಲುಗಳಿಗೆ ಚಹಾವೇ ಸರಿ.

ಜೂನ್ ಹಿಡಿಯಿತೆಂದರೆ ಎರಚಲು ಬಡಿಯದ, ಸೂರಿನ ಹನಿ ಬೀಳದ, ಆದರೂ ಬೆಳಕಿರುವ ಜಾಗ ಹುಡುಕಿ. ಎರಚಲು ತಡೆಯಲು ಜಗುಲಿಗೆ ಜಡಿ ತಟ್ಟಿ ಕಟ್ಟುವ ಮನೆಗಳಲ್ಲಿ ಬೆಳಕು ಸಿಗುವುದು ಕಷ್ಟ. ಅಲ್ಲಿ ಕಿಟಕಿಯೇ ಗತಿ. ನೀರಿಗೆ ದಿನಾಂಕ ಗೊತ್ತುಮಾಡಬೇಡಿ. ಎಲೆ ಒತ್ತಿದರೆ ಗಟ್ಟಿಯಾಗಿದೆಯೇ? ಹಾಗಾದರೆ ಬೇಡ. ನಾನು ಈಗ ತಿಂಗಳಿಗೊಮ್ಮೆ ಹಾಕಿದರೆ ಹೆಚ್ಚು. ಗೊಬ್ಬರವನ್ನು ನವರಾತ್ರಿ ಕಳೆಯುವವರೆಗೆ ಮರೆತುಬಿಡಿ.

ಸುಕ್ಕಾದ ಎಲೆಯ ಮೋಸ

ಕಾರವಾರದಲ್ಲಿರುವ ನನ್ನ ಅತ್ತಿಗೆ ಫೋನ್ ಮಾಡಿ, ‘ಎಲೆ ಸುಕ್ಕಾಗಿದೆ ಮಾರಾಯ್ತಿ, ಬಾಯಾರಿಕೆ ಇರಬೇಕು, ದಿನಾ ನೀರು ಹಾಕುತ್ತಿದ್ದೇನೆ’ ಎಂದರು. ಬೇರು ಸತ್ತ ಗಿಡಕ್ಕೂ ಬಾಯಾರಿಕೆಯೇ. ಸುತ್ತ ನೀರಿದ್ದರೂ ಕುಡಿಯಲು ಬಾಯಿಲ್ಲ. ಎಲೆ ಸುಕ್ಕಾಗಿ ಮಣ್ಣು ಒಣಗಿದ್ದರೆ ನೀರು ಕೊಡಿ. ಎಲೆ ಸುಕ್ಕಾಗಿ ಮಣ್ಣು ಒದ್ದೆಯಿದ್ದರೆ ಕೊಳೆಯೆಂದೇ ತಿಳಿದು ಆವತ್ತೇ ಗಿಡ ಕೀಳಿ. ಕೆಳಗಿನ ಎಲೆಗಳು ಹಳದಿಯಾಗಿ ಗಾಜಿನಂತೆ ಪಾರದರ್ಶಕವಾಗುವುದು, ಮುಟ್ಟಿದರೆ ಉದುರುವುದು, ಕಾಂಡದ ಬುಡ ಕಪ್ಪಾಗುವುದು, ಗಿಡ ಅಲ್ಲಾಡುವುದು ಉಳಿದ ಗುರುತುಗಳು.

ಕಿತ್ತ ಗಿಡದ ಬೇರು ತೊಳೆದು ನೋಡಿ. ಬಿಳಿಯಾಗಿ ಗಟ್ಟಿಯಿರುವುದು ಜೀವಂತ. ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿಯುವುದು ಸತ್ತದ್ದು. ಹೊಸ ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸಿ ಸತ್ತದ್ದನ್ನೆಲ್ಲ ಕತ್ತರಿಸಿ. ಕೊಳೆ ಕಾಂಡಕ್ಕೇರಿದ್ದರೆ ಕಾಂಡವನ್ನೂ ಬಿಲ್ಲೆ ಬಿಲ್ಲೆಯಾಗಿ, ಪ್ರತಿ ಸಲ ಬ್ಲೇಡ್ ಒರೆಸುತ್ತಾ, ಮೇಲಕ್ಕೆ ಕೊಯ್ಯುತ್ತಾ ಹೋಗಬೇಕು. ಕೊಯ್ದ ಮುಖದ ಮಧ್ಯದಲ್ಲಿ ಕಂದು ಚುಕ್ಕೆಯೋ ಉಂಗುರವೋ ಕಂಡರೆ ಇನ್ನೂ ಮೇಲೆ. ಪೂರ್ತಿ ಸ್ವಚ್ಛವಾಗಿ ಕಾಣುವವರೆಗೆ ಕರುಣೆ ಬೇಡ. ‘ಇಷ್ಟು ಸಾಕು’ ಎಂದು ನಾನು ಬಿಟ್ಟ ಜೇಡ್ ಗಿಡ ಹತ್ತೇ ದಿನದಲ್ಲಿ ಮತ್ತೆ ಕಪ್ಪಾಯಿತು.

ಗಾಯ ಒಣಗಬೇಕು, ಸಣ್ಣದಕ್ಕೆ ನಾಲ್ಕು ದಿನ, ದಪ್ಪ ಕಾಂಡಕ್ಕೆ ವಾರ ದಾಟಬಹುದು. ಜುಲೈನಲ್ಲಿ ಒಣ ಜಾಗವೆಲ್ಲಿ? ಬಚ್ಚಲ ಒಲೆಯ ಬಳಿ ಕಾವಿದೆ, ಜೊತೆಗೆ ಹಬೆಯೂ ಇದೆ. ನಮ್ಮಲ್ಲಿ ಫ್ರಿಜ್ಜಿನ ಮೇಲೆ ಕಾಗದ ಹಾಸಿ ಇಡುತ್ತೇವೆ.

ಕೊಳೆ ಔಷಧಿ ಕೊಳೆತ ಬೇರನ್ನು ಮರಳಿಸುವುದಿಲ್ಲ. ಪಕ್ಕದ ಕುಂಡಗಳನ್ನು ಕಾಯಲು ಮಾತ್ರ ಅದು. ತೋಟಕ್ಕೆ ಕೊಳೆ ಔಷಧಿಯಾದ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ನೀರು) ಮಾಡಿದ ದಿನ ಒಂದು ಮಗ್ ಎತ್ತಿಟ್ಟುಕೊಂಡು ಆವತ್ತೇ ಮಣ್ಣಿಗೆ ಸ್ವಲ್ಪ ಸ್ವಲ್ಪ ಹಾಕಿ. ತೋಟವಿಲ್ಲದವರು 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣವನ್ನು ಅರ್ಧರ್ಧ ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಸುರಿಯಬೇಕು. ಸ್ವಚ್ಛ ಕಬ್ಬಿಣದ ಚೂರಿ ಅದ್ದಿದಾಗ ಕೆಂಪು ಲೇಪ ಹಿಡಿದರೆ ಸುಣ್ಣ ಸಾಲದು. ಇಷ್ಟು ತಾಪತ್ರಯ ಬೇಡವೆನ್ನುವವರಿಗೆ ತಾಮ್ರದ ಆಕ್ಸಿಕ್ಲೋರೈಡ್, ಲೀಟರಿಗೆ 3 ಗ್ರಾಂ. ಯಾವುದನ್ನು ಹಾಕಿದರೂ ಎಲೆಗೆ ತಾಗದಿರಲಿ, ಕಲೆ ಹೋಗುವುದಿಲ್ಲ. ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ.

ಪೂರ್ತಿ ಕೊಳೆತ ಎಕಿವೇರಿಯಾದಲ್ಲೂ ತುದಿಯ ನಾಲ್ಕು ಎಲೆ ಗಟ್ಟಿಯಿದ್ದರೆ ಒಂದೊಂದು ಎಲೆಯನ್ನೂ ಅದರ ಬುಡಸಮೇತ ಕಿತ್ತು ಒಣ ಮಿಶ್ರಣದ ಮೇಲೆ ಮಲಗಿಸಿ. ಕಾಡುಬಸಳೆಯ ಎಲೆಯಂಚಿನಲ್ಲಿ ಮರಿ ಒಡೆದಂತೆ ಇದರ ಎಲೆಯ ಬುಡದಲ್ಲಿ ಒಡೆಯುತ್ತದೆ. ಸ್ನೇಕ್ ಪ್ಲಾಂಟಿನ ಎಲೆ ತುಂಡೂ ಬದುಕುತ್ತದೆ, ಆದರೆ ಹಳದಿ ಅಂಚಿನ ತಾಯಿಗೆ ಹಸಿರು ಮರಿಯೇ ಹುಟ್ಟುತ್ತದೆ. ಲೋಳೆಸರದ ಎಲೆ ನೆಡುವುದು ವ್ಯರ್ಥ, ಬುಡದ ಮರಿ ಹುಡುಕಿ.

ಗಾಯ ಒಣಗಿದ ಕಾಂಡವನ್ನು ಒಣ ಮಿಶ್ರಣದಲ್ಲೇ ನಿಲ್ಲಿಸಿ, ನೀರು ಕೊಡದೆ ಎರಡು ವಾರ ಕಾಯಿರಿ. ಆಮೇಲೆ ಎರಡು ಬೆರಳಿನಿಂದ ಮೆಲ್ಲಗೆ ಎಳೆದು ನೋಡಿ. ಸಲೀಸಾಗಿ ಬಂದರೆ ಮತ್ತೆ ಊರಿಬಿಡಿ. ಮಣ್ಣು ಹಿಡಿದುಕೊಂಡಿದ್ದರೆ ಬೇರು ಬಂದಿದೆ, ಅರ್ಧ ಲೋಟ ನೀರು ಹಾಕಿ.